ಅರ್ಧದ ಅರ್ಧ

ಅತ್ತೆಯ ತಟ್ಟೆ ಆ ಬೆಳಿಗ್ಗೆಯೂ ಕಿಟಕಿಯ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಉಳಿದ ಪಾತ್ರೆಗಳೆಲ್ಲ ಗೋಡೆಯ ಸ್ಟ್ಯಾಂಡಿನಲ್ಲಿ; ಅದೊಂದು ಮಾತ್ರ ಬೇರೆ, ಪಕ್ಕದಲ್ಲಿ ಅದರದೇ ಲೋಟ, ಅದರದೇ ಚಮಚ. ತಿಂಗಳುಗಳಿಂದ ಹೀಗೇ. ಮೊದಲ ಸಲ ಅವಳು ಅದನ್ನು ತೊಳೆಯಲು ಎತ್ತಿಕೊಂಡಾಗ ಅತ್ತೆ ಹಿಂದಿನಿಂದ ಬಂದು, ಅದನ್ನ ಬಿಡು, ನಂದು ನಾನು ತೊಳ್ಕೋತೀನಿ ಅಂದಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ ಆ ದನಿಯೇ ಹೆಚ್ಚು ತಾಗಿತ್ತು. ಆಮೇಲೆ ಒಂದೊಂದೇ ಕಣ್ಣಿಗೆ ಬಿದ್ದವು: ಅತ್ತೆಯ ಬಟ್ಟೆ ಬೇರೆ ಬಕೆಟ್ಟಿನಲ್ಲಿ, ಟವೆಲು ಬೇರೆ ಹಗ್ಗದ ಮೇಲೆ, ಸೋಫಾದಲ್ಲಿ ಅವಳು ಬಂದು ಕೂತರೆ ಅತ್ತೆ ಎದ್ದು ಮೂಲೆಯ ಕುರ್ಚಿಗೆ ಹೋಗುವುದು. ಗಂಡನನ್ನು ತಿಂದುಕೊಂಡವಳು ಎಂದು ಬಾಯಿಬಿಟ್ಟು ಹೇಳುವವರಲ್ಲ ಅತ್ತೆ. ಬಾಯಲ್ಲಿ ಹೇಳದವರು ತಟ್ಟೆಯಲ್ಲಿ ಹೇಳುತ್ತಾರೆ ಎಂದುಕೊಂಡಳು. ಯಾರ ಹತ್ತಿರವೂ ದೂರಲಿಲ್ಲ. ಯಾವುದಕ್ಕೋ ಸಲ್ಲಬೇಕಾದ ಶಿಕ್ಷೆ ಇನ್ಯಾವುದೋ ಹೆಸರಿನಲ್ಲಾದರೂ ಬಂದು ತಲುಪಿತಲ್ಲ ಎಂಬ ಒಂದು ಬಗೆಯ ನೆಮ್ಮದಿ ಅದರಲ್ಲಿತ್ತು. ಆ ನೆಮ್ಮದಿಗೆ ನಾಚಿಕೆಯೂ ಆಗುತ್ತಿತ್ತು.

ಇವತ್ತು ನಾದಿನಿ ಮಗುವನ್ನು ಕರೆದುಕೊಂಡು ಬರುತ್ತಾಳೆ, ಸಂಜೆ ಬೇಗ ಬಾ ಎಂದರು ಅತ್ತೆ, ಅಡುಗೆಮನೆಯ ಆಚೆ ತುದಿಯಿಂದ. ಮಗು ಹುಟ್ಟಿದ ಮೇಲೆ ಈ ಮನೆಗೆ ಬರುವುದು ಇದೇ ಮೊದಲು. ಎತ್ತಿಕೊಳ್ಳುವುದಕ್ಕೆ ಮನೆಯಲ್ಲಿ ಒಬ್ಬರಾದರೂ ಬೇಡವೇ ಎಂದರು. ನೀವಿದೀರಲ್ಲ ಅತ್ತೆ ಎಂದಳು ಅವಳು. ನನ್ನ ಮಂಡಿ ನೋಯುತ್ತೆ ಎಂದರು. ಮಗುವನ್ನು ಮಂಡಿಯಿಂದ ಎತ್ತಿಕೊಳ್ಳುತ್ತಾರೆಯೇ ಎಂದು ಇನ್ನೊಂದು ದಿನವಾಗಿದ್ದರೆ ಕೇಳುತ್ತಿದ್ದಳು. ಹಿಂದೆ ಆ ಮನೆಯಲ್ಲಿ ಹಾಗೆ ಒಬ್ಬರನ್ನೊಬ್ಬರು ಕೆಣಕುವುದಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬ್ಯಾಗಿನಲ್ಲಿ ಗುಂಡಿಗಳ ಡಬ್ಬಿ ಗಲಗಲ ಎನ್ನುತ್ತಿತ್ತು. ಎಲ್ಲವೂ ಒಂದೇ ನೀಲಿ, ಒಂದೇ ಗಾತ್ರ. ಕೆಲವು ಟೊಳ್ಳು, ಕೆಲವು ಗಟ್ಟಿ. ಕಾಲೇಜಿನಲ್ಲಿ ಪ್ರತಿ ವರ್ಷ ಐಸೋಟೋಪಿನ ಪಾಠಕ್ಕೆ ಅದೇ ಡಬ್ಬಿ. ಕೆಲವು ವರ್ಷದ ಹಿಂದೆ ಹೊಲಿಗೆ ಅಂಗಡಿಯಲ್ಲಿ ಅವಳ ಜೊತೆ ನಿಂತು ಗುಂಡಿಗಳನ್ನು ಅಂಗೈಯಲ್ಲಿ ತೂಗಿ ತೂಗಿ ಆರಿಸಿಕೊಟ್ಟವನು ಗಂಡ. ಅಂಗಡಿಯವನು, ಏನ್ ಸಾರ್, ಅಂಗಿಗೋ ತಕ್ಕಡಿಗೋ ಎಂದು ಕೇಳಿದ್ದ.

ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಮೇಷ್ಟ್ರು ಅವಳಿಗಾಗಿ ಕಾಯುತ್ತಿದ್ದರು. ನಿವೃತ್ತಿಗೆ ಹತ್ತಿರವಾದವರು, ಕಷ್ಟದ ಮಾತಿಗೆ ಮುಂಚೆ ಕನ್ನಡಕ ಒರೆಸುವವರು. ಒರೆಸಿದರು. ಮೊದಲ ವರ್ಷದವರಿಗೆ ಐಸೋಟೋಪಿನ ಪಾಠ ಇವತ್ತಲ್ಲವೇ, ತಾನೇ ತೆಗೆದುಕೊಂಡರೆ ಹೇಗೆ, ಹೇಗೂ ತನ್ನ ಸಿಲಬಸ್ಸಿನಲ್ಲೂ ಅದೇ ಬರುತ್ತದೆ, ರುಬ್ಬಿದ್ದನ್ನೇ ಇಬ್ಬರೂ ಯಾಕೆ ರುಬ್ಬಬೇಕು ಎಂದರು. ಉಳಿದವರು ಹಾಳೆ ಮಗುಚದೆ ಓದುತ್ತಿದ್ದರು. ಅವರಿಗೆಲ್ಲ ಗೊತ್ತು. ಆ ಅಧ್ಯಾಯದ ಕೊನೆಯ ಪುಟದಲ್ಲಿ ಐಸೋಟೋಪುಗಳ ಉಪಯೋಗಗಳಿವೆ, ಅದರಲ್ಲಿ ಮೊದಲನೆಯದು ಗಂಟಲಿನ ಗ್ರಂಥಿಯ ಕ್ಯಾನ್ಸರಿಗೆ ಕೊಡುವ ಅಯೋಡಿನ್. ಅವಳ ಗಂಡ ಆ ಅಯೋಡಿನ್ ನುಂಗಿದ್ದ. ಅವಳ ಗಂಡ ಈಗಿಲ್ಲ. ಈ ಎರಡನ್ನೂ ಅವರು ಒಂದಕ್ಕೊಂದು ಗಂಟು ಹಾಕಿಟ್ಟಿದ್ದರು. ನಿಜವಾಗಿ ರೋಗ ವಾಸಿಯಾಗಿತ್ತು. ರಜೆ ಮುಗಿಸಿ ಕೆಲಸಕ್ಕೆ ಹೋಗಲು ತೊಡಗಿದ ವಾರವೇ, ಗೋದಾಮಿನ ತಿರುವಿನಲ್ಲಿ, ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಅವನನ್ನು ನೋಡಲಿಲ್ಲ. ಬೇಡ ಸರ್, ನಾನೇ ಮಾಡ್ತೀನಿ ಎಂದಳು. ಯಾರೋ ನಿಟ್ಟುಸಿರು ಬಿಟ್ಟರು. ಅದನ್ನು ಧೈರ್ಯ ಎಂದುಕೊಂಡರು ಎಂದು ತಿಳಿದು ಅವಳ ಕಿವಿ ಬಿಸಿಯಾಯಿತು. ಸಮಾಧಾನ ಹೇಳಲು ಬಂದವರೆಲ್ಲ ಮೊದಲಿನಿಂದಲೂ ಹೀಗೇ, ಸರಾಸರಿ ವಿಧವೆಯೊಬ್ಬಳಿಗೆ ಮಾತಾಡಿ ಹೋಗುತ್ತಿದ್ದರು. ಆ ತೂಕದವಳು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಗಂಟೆ ಹೊಡೆಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಫೋನು ಬಂತು. ನಾದಿನಿ. ಕಾರಿಡಾರಿಗೆ ಬಂದು ತೆಗೆದಳು. ಹಿಂದೆ ಮಗು ಅಳುತ್ತಿತ್ತು, ನಾದಿನಿ ಅದಕ್ಕೂ ಇವಳಿಗೂ ಒಟ್ಟಿಗೇ ಮಾತಾಡುತ್ತಿದ್ದಳು. ಆಸ್ಪತ್ರೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತು ನೋಡಿ ಹೋದಳು, ಅಣ್ಣನ ದುಃಖ ಇನ್ನೂ ಆರಿಲ್ಲ ಅಂದುಕೊಂಡೆ. ನಾಮಕರಣಕ್ಕೆ ಮೈಗೆ ಹುಷಾರಿಲ್ಲ ಅಂದಳು, ಆಯಿತು ಅಂದುಕೊಂಡೆ. ನಿನ್ನೆ ನನಗೂ ರೇಗಿ ಹೋಯಿತು, ನನ್ನ ಮಗು ನಿನಗೆ ಬೇಡವಾ ಅಂತ ಬೈದೆ. ಇಷ್ಟು ಹೇಳಿ ನಾದಿನಿ ದನಿ ಇಳಿಸಿದಳು.

"ಅತ್ತಿಗೆ, ಅಮ್ಮ ಅಂತಾಳೆ, ನನ್ನ ಮೈಯಲ್ಲಿ ಅದಿದೆ, ಎಳೇ ಮಗು, ಬೇಡ ಅಂತ. ಅದು ಅಂದ್ರೆ ಯಾವುದು ಅಂದ್ರೆ, ನಿಮ್ಮ ಅತ್ತಿಗೆನ ಕೇಳು, ಅವಳಿಗೆ ಗೊತ್ತು ಅಂದ್ಲು."

ನೋಡ್ತೀನಿ, ಸಂಜೆ ಬಾ ಎಂದು ಹೇಳಿ ಫೋನಿಟ್ಟಳು. ಕಾರಿಡಾರಿನ ಕಂಬಿಯನ್ನು ಹಿಡಿದುಕೊಂಡಳು. ಬಿಸಿಲಿಗೆ ಅದು ಕಾದಿತ್ತು, ಬಿಡಬೇಕೆಂದು ಹೊಳೆಯಲಿಲ್ಲ. ಕಿಟಕಿಯ ಕಟ್ಟೆಯ ಮೇಲಿನ ತಟ್ಟೆ ಇವಳನ್ನು ದೂರವಿಡಲು ಅಲ್ಲಿರಲಿಲ್ಲ. ಇವಳನ್ನು ಕಾಪಾಡಲು ಅಲ್ಲಿತ್ತು. ಬಕೆಟ್ಟು, ಟವೆಲು, ಮೂಲೆಯ ಕುರ್ಚಿ, ಎಲ್ಲವೂ. ಆ ನಿಯಮಗಳನ್ನೆಲ್ಲ ಅತ್ತೆಗೆ ಕಲಿಸಿದವಳು ಅವಳೇ.

ಗಂಡನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಅವಳಿಗೆ ಎಲ್ಲ ಬಿಡಿಸಿ ಹೇಳಿದ್ದಳು. ಮಾತ್ರೆಯ ಹೆಚ್ಚಿನ ಪಾಲು ಆಗಲೇ ನೀರಿನ ದಾರಿಯಲ್ಲಿ ಹೊರಗೆ ಹೋಗಿದೆ, ಉಳಿದದ್ದೂ ಹೋಗುತ್ತದೆ, ಒಂದು ವಾರ ಬೇರೆ ಮಲಗಲಿ, ತೀರ ಹತ್ತಿರ ಕೂರುವುದು ಬೇಡ, ಆಮೇಲೆ ಎಂದಿನಂತೆ ಇರಿ. ನೀವು ಕೆಮಿಸ್ಟ್ರಿಯವರು, ನಿಮಗೆ ನಾನೇನು ಹೇಳೋದು ಎಂದು ನಕ್ಕಿದ್ದಳು. ಅವಳೂ ನಕ್ಕಿದ್ದಳು. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಅತ್ತೆ, ಎಷ್ಟು ದಿನ ಮುಟ್ಟಬಾರದಂತೆ ಎಂದು ಕೇಳಿದಾಗ ಆ ಒಂದು ವಾರ ಎಂಬ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಪಾಠ. ಎಂಟು ದಿನಕ್ಕೆ ಅರ್ಧ ಆಗುತ್ತೆ ಅತ್ತೆ. ಇನ್ನೆಂಟು ದಿನಕ್ಕೆ ಅರ್ಧದ ಅರ್ಧ. ಹಾಗೇ ಅರ್ಧ ಆಗ್ತಾ ಹೋಗುತ್ತೆ, ಪೂರ್ತಿ ಹೋಗೋದು ಅಂತ ಇಲ್ಲ. ಒಂದು ಮಾತೂ ಸುಳ್ಳಲ್ಲ. ಪುಸ್ತಕದಲ್ಲಿ ಹಾಗೇ ಇದೆ. ಶೀಶೆಯಲ್ಲಿಟ್ಟ ಅಯೋಡಿನ್ನಿಗೆ ಅದು ಸರಿ. ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ಓದಿದವಳು ನೀನಿದೀಯ, ನಮಗೇನು ಗೊತ್ತಾಗುತ್ತಿತ್ತು ಎಂದಿದ್ದರು. ಒಳಕೋಣೆ ಅವನದಾಯಿತು. ಬಾಗಿಲಾಚೆ ಒಂದು ಸ್ಟೂಲು ಬಂತು. ಊಟ ಅದರ ಮೇಲೆ, ಒಂದು ವಾರವಲ್ಲ, ಒಂದು ತಿಂಗಳು.

ಕ್ಲಾಸಿನಲ್ಲಿ ಗುಂಡಿಗಳನ್ನು ಹಂಚಿದಳು. ಕೈಯಲ್ಲಿ ತೂಗಿ ನೋಡಿ ಎಂದಳು. ಒಂದೇ ಬಣ್ಣ, ಒಂದೇ ಗಾತ್ರ, ಒಂದೇ ತೂತುಗಳು. ಅಂಗಿಗೆ ಹೊಲಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ಎರಡೂ ಅದೇ ಕೆಲಸ ಮಾಡುತ್ತವೆ. ತೂಕ ಮಾತ್ರ ಬೇರೆ. ಕ್ಲೋರಿನ್ ಹೀಗೇ. ಎಲ್ಲ ಕ್ಲೋರಿನ್ನಿಗೂ ಹದಿನೇಳು ಪ್ರೋಟಾನು, ಅದು ಬದಲಾದರೆ ಅದು ಕ್ಲೋರಿನ್ನೇ ಅಲ್ಲ. ನ್ಯೂಟ್ರಾನು ಕೆಲವದರಲ್ಲಿ ಎರಡು ಜಾಸ್ತಿ. ಒಂದರ ತೂಕ ಮೂವತ್ತೈದು, ಇನ್ನೊಂದರದು ಮೂವತ್ತೇಳು. ಆವರ್ತಕ ಕೋಷ್ಟಕದಲ್ಲಿ ಇಬ್ಬರಿಗೂ ಒಂದೇ ಮನೆ, ಅದಕ್ಕೇ ಕನ್ನಡದಲ್ಲಿ ಸಮಸ್ಥಾನಿ ಅನ್ನುವುದು. ಪ್ರಕೃತಿಯಲ್ಲಿ ಹಗುರದವು ಮೂರಿದ್ದರೆ ಭಾರದ್ದು ಒಂದು, ಆದ್ದರಿಂದ ಸರಾಸರಿ ಮೂವತ್ತೈದೂವರೆ. ಬೋರ್ಡಿನ ಮೇಲೆ ಬರೆದಳು. ಚಾಕ್ ಮುರಿಯಿತು. ಈಗ ಹೇಳಿ, ಮೂವತ್ತೈದೂವರೆ ತೂಗುವ ಒಂದು ಕ್ಲೋರಿನ್ ಪರಮಾಣು ಎಲ್ಲಿ ಸಿಗುತ್ತದೆ? ಎಲ್ಲೂ ಇಲ್ಲ ಎಂದು ಹಿಂದಿನ ಬೆಂಚಿನಿಂದ ಬಂತು. ಆ ಹುಡುಗಿಯನ್ನು ಕ್ಲಾಸಿನವರು ಪ್ರಶ್ನೆಪತ್ರಿಕೆ ಎಂದು ಕರೆಯುತ್ತಿದ್ದರು. ಉದ್ದ ಜಡೆ, ಯಾವಾಗಲೂ ಅರ್ಧ ಎದ್ದು ನಿಂತ ಭಂಗಿ. ಉತ್ತರ ಹೇಳಿದ್ದಕ್ಕೆ ಪಕ್ಕದವಳು, ಪ್ರಶ್ನೆಪತ್ರಿಕೆಯೇ ಉತ್ತರ ಕೊಟ್ಟರೆ ನಾವೇನು ಬರೆಯೋಣ ಎಂದಳು. ಕ್ಲಾಸು ನಕ್ಕಿತು. ಬೋರ್ಡಿನ ಬಳಿ ನಿಂತ ಅವಳಿಗೂ ತುಟಿ ಸಡಿಲವಾಯಿತು, ತಕ್ಷಣ ಬಿಗಿದುಕೊಂಡಿತು. ನಗುವಾಗೆಲ್ಲ ಯಾರೋ ನೋಡುತ್ತಿದ್ದಾರೆ ಎನಿಸುವ ರೂಢಿ.

ಕೆಲವು ಐಸೋಟೋಪುಗಳು ಒಡೆಯುತ್ತವೆ ಎಂಬಲ್ಲಿಗೆ ಬಂದಳು. ಯಾವ ಪರಮಾಣು ಯಾವಾಗ ಒಡೆಯುತ್ತದೆಂದು ಹೇಳಲು ಬರುವುದಿಲ್ಲ, ಗುಂಪಿನಲ್ಲಿ ಅರ್ಧ ಯಾವಾಗ ಮುಗಿಯುತ್ತದೆಂದು ಮಾತ್ರ ಹೇಳಬಹುದು. ಅದೇ ಅರ್ಧಾಯು. ಕೊನೆಯ ಪುಟ ತೆರೆದಾಗ ಮುಂದಿನ ಸಾಲುಗಳಲ್ಲಿ ತಲೆಗಳು ತಗ್ಗಿದವು. ಅವರಿಗೂ ಯಾರೋ ಹೇಳಿದ್ದಾರೆ. ಅಯೋಡಿನ್ ನೂರಾ ಮೂವತ್ತೊಂದು ಎಂದು ಓದಿದಳು, ದನಿ ಎಂದಿನಂತೆಯೇ ಬಂತು. ದೇಹಕ್ಕೆ ಇದು ಬೇರೆ ಅಯೋಡಿನ್ ಎಂದು ಗೊತ್ತಾಗುವುದಿಲ್ಲ. ಗಂಟಲಿನ ಗ್ರಂಥಿ ಅದನ್ನು ತನ್ನದೆಂದೇ ತೆಗೆದುಕೊಳ್ಳುತ್ತದೆ. ಅದರಿಂದಲೇ ಅಲ್ಲಿಗೆ ಹೋಗಿ ಕೆಲಸ ಮಾಡಲು ಸಾಧ್ಯ. ಅರ್ಧಾಯು ಎಂಟು ದಿನ. ಜಡೆಯ ಹುಡುಗಿ ಎದ್ದಿದ್ದಳು. ಪಕ್ಕದವಳು ಅವಳ ಲಂಗ ಹಿಡಿದು ಎಳೆಯುತ್ತಿದ್ದಳು, ಕೂತ್ಕೊಳ್ಳೇ ಎಂದು. ಅವಳು ಕೂರಲಿಲ್ಲ.

"ಮಿಸ್, ಅರ್ಧ ಆಗ್ತಾನೇ ಹೋದ್ರೆ ಸೊನ್ನೆ ಆಗೋದೇ ಇಲ್ಲ. ಹಾಗಾದ್ರೆ ಆ ಪೇಶೆಂಟನ್ನ ಮನೆಯವರು ಯಾವತ್ತೂ ಮುಟ್ಟೋ ಹಾಗಿಲ್ವಾ?"

ಹುಡುಗಿಯ ಮುಖದಲ್ಲಿ ಕುತೂಹಲವಲ್ಲದೆ ಬೇರೇನೂ ಇರಲಿಲ್ಲ. ಅವಳಿಗೆ ಯಾರೂ ಹೇಳಿಲ್ಲ, ಅಥವಾ ಹೇಳಿದ್ದು ತಲೆಗೆ ಹೋಗಿಲ್ಲ. ಇಡೀ ಕ್ಲಾಸು ಡೆಸ್ಕುಗಳ ಮೇಲಿನ ನೀಲಿ ಗುಂಡಿಗಳನ್ನು ನೋಡುತ್ತಿತ್ತು. ಅವಳು ಡಸ್ಟರನ್ನು ಎತ್ತಿಕೊಂಡಳು, ಕೆಳಗಿಟ್ಟಳು. ಪರಮಾಣುಗಳನ್ನು ಎಣಿಸಬಹುದು, ಕೊನೆಗೆ ಒಂದೇ ಒಂದು ಉಳಿದಾಗ ಅದರ ಅರ್ಧ ಅಂತ ಇರುವುದಿಲ್ಲ, ಆದ್ದರಿಂದ ಸೊನ್ನೆ ಆಗುತ್ತದೆ, ಎಂದಳು. ಅದು ಪ್ರಶ್ನೆಯ ಅರ್ಧಕ್ಕೆ ಉತ್ತರ. ಹುಡುಗಿ ಕೂರಲಿಲ್ಲ. ಆಮೇಲೆ ತನ್ನ ಬಾಯಿ ಹೇಳುವುದನ್ನು ಅವಳು ಕೇಳಿಸಿಕೊಂಡಳು: ಎಂಟು ದಿನ ಎನ್ನುವುದು ಶೀಶೆಯಲ್ಲಿಟ್ಟರೆ. ಮನುಷ್ಯ ಶೀಶೆಯಲ್ಲ. ನೀರು ಕುಡಿಯುತ್ತಾನೆ, ಹೊರಗೆ ಹಾಕುತ್ತಾನೆ, ಬೆವರುತ್ತಾನೆ. ಒಡೆಯುವುದಕ್ಕೆ ಮುಂಚೆಯೇ ಹೆಚ್ಚಿನದು ಹೊರಟುಹೋಗಿರುತ್ತದೆ. ಒಂದು ವಾರ, ಸ್ವಲ್ಪ ಹೆಚ್ಚು ಕಡಿಮೆ. ಆಮೇಲೆ ಎಂದಿನಂತೆ ಇರಬಹುದು. ಡಾಕ್ಟರು ಹೇಳಿದ ಮಾತು, ಡಾಕ್ಟರು ಹೇಳಿದ ಹಾಗೆಯೇ. ಮನೆಯಲ್ಲಿ ಯಾರಿಗೂ ಹೇಳದಿದ್ದುದನ್ನು ಅರವತ್ತು ಮಕ್ಕಳಿಗೆ ಹೇಳಿದ್ದಳು, ಅವರು ಅದನ್ನು ಬರೆದುಕೊಳ್ಳುತ್ತಿದ್ದರು.

"ಹಾಗಾದ್ರೆ ಎಂಟು ದಿನದ ಲೆಕ್ಕ ಹಿಡಿದು ದೂರ ಇಟ್ರೆ ತಪ್ಪಾಗುತ್ತೆ," ಎಂದು ಹುಡುಗಿ ತನಗೇ ಹೇಳಿಕೊಂಡು ಕೂತಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೆಗಲಿಗೆ ಹೆಗಲು ತಾಗಿಸಿ ಕೂತ ಯಾರೋ ಹೆಂಗಸು ನಿದ್ದೆ ಹೋಗಿ ಅವಳ ಮೇಲೆ ಒರಗಿದಳು. ಅವಳು ಅಲುಗಾಡದೆ ಕೂತಳು. ಹೇಳುವುದಕ್ಕೆ ದಾರಿಯೊಂದು ಇದ್ದೇ ಇತ್ತು, ಸುಲಭದ್ದು. ಅತ್ತೆ, ಈಗ ತುಂಬ ತಿಂಗಳಾಯಿತು, ಅರ್ಧದ ಅರ್ಧದ ಅರ್ಧವಾಗಿ ಅದು ಮುಗಿದೇ ಹೋಗಿದೆ, ಇನ್ನು ಭಯವಿಲ್ಲ, ಮಗು ಎತ್ತಿಕೊಳ್ಳಿ. ಅಷ್ಟೇ ಸಾಕು. ತಟ್ಟೆ ಸ್ಟ್ಯಾಂಡಿಗೆ ಬರುತ್ತದೆ, ಮಗು ಅಜ್ಜಿಯ ಮಡಿಲಿಗೆ ಹೋಗುತ್ತದೆ, ಆ ಒಂದು ತಿಂಗಳ ಬಾಗಿಲನ್ನು ಯಾರೂ ತೆರೆಯಬೇಕಾಗಿಲ್ಲ. ಅದರಲ್ಲೂ ಒಂದು ಮಾತೂ ಸುಳ್ಳಲ್ಲ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಪಕ್ಕದ ಕಟ್ಟಡದಲ್ಲಿ ಒಬ್ಬ ಬಾಲ್ಕನಿಯಲ್ಲಿ ನಿಂತು ಲೋಟದಲ್ಲಿ ಏನೋ ಕಲಕುತ್ತಿದ್ದ, ಚಮಚ ತಾಗುವುದು ಕಾಣುತ್ತಿತ್ತು, ಸದ್ದು ಇಲ್ಲಿಗೆ ಬರುತ್ತಿರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಗಂಡನಿಗೆ ದನಿ ಏರುತ್ತಿರಲಿಲ್ಲ, ಪಿಸುಗುಡುವಷ್ಟೇ. ಏನಾದರೂ ಬೇಕಾದರೆ ಚಮಚದಿಂದ ಲೋಟಕ್ಕೆ ಬಡಿಯುತ್ತಿದ್ದ. ಒಂದು ಸಲ, ಟಿಣ್ ಎಂದು, ಮರ್ಯಾದೆಯಿಂದ. ಹಾಸಿಗೆಯಲ್ಲಿ ಅಡ್ಡಡ್ಡ ಮಲಗಿ ಓದುತ್ತಿದ್ದ ಅವಳಿಗೆ ಕೇಳಿಸುತ್ತಿತ್ತು. ಮದುವೆಯಾದಂದಿನಿಂದ ಇಡೀ ಹಾಸಿಗೆ ಅವಳಿಗೆ ಸಿಕ್ಕಿದ್ದು ಆಗಲೇ. ಪುಟ ಮುಗಿಸಿ ಏಳೋಣ ಎಂದುಕೊಳ್ಳುತ್ತಿದ್ದಳು. ಎರಡನೆಯ ಸಲ ಬಡಿದ ಮೇಲೆಯೇ, ಬಂದೆ ಎನ್ನುವುದು. ಕೆಲವು ಸಲ ಎರಡನೆಯದು ಬರುತ್ತಿರಲಿಲ್ಲ, ಆಗ ಓದು ಮುಂದುವರಿಯುತ್ತಿತ್ತು.

ಅವನ ಮೇಲೆ ಸಿಟ್ಟಿತ್ತೇ? ಇರಲಿಲ್ಲ. ಕುತ್ತಿಗೆಯ ಮೇಲಿನ ಆ ಹೊಲಿಗೆಯ ಗೆರೆ, ಆ ಪಿಸುದನಿಯಲ್ಲೂ ಅವನು ಮಾಡುತ್ತಿದ್ದ ತಮಾಷೆ, ಕೈ ಹಿಡಿದರೆ ಬಿಡದ ಆ ಕೃತಜ್ಞತೆ, ಅದನ್ನೆಲ್ಲ ಸ್ವಲ್ಪ ದಿನ ದೂರದಿಂದ ನೋಡಿದರೆ ಸಾಕೆನಿಸಿತ್ತು. ಅಷ್ಟೇ. ವಿಜ್ಞಾನ ಕೈಗೆ ಸಿಕ್ಕಿತು, ಹಿಡಿದುಕೊಂಡಳು. ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ತಟ್ಟೆಯಿಟ್ಟು ಹಿಂದೆ ಸರಿದಾಗ ಅವನು ಬಾಗಿಲಿಗೆ ಬಂದು, ಮೇಡಂ, ಇನ್ನೂ ನನ್ನಲ್ಲಿ ಎಷ್ಟು ಪಾಲು ಉಳಿದಿದೆ ಎಂದು ಪಿಸುಗುಟ್ಟಿದ್ದ. ಹದಿನಾರನೇ ಒಂದು ಎಂದಳು. ಅದಕ್ಕೂ ಹೆದರಬೇಕಾ ಎಂದ. ಲೆಕ್ಕ ಅಂದ್ರೆ ಲೆಕ್ಕ ಎಂದಳು. ನಕ್ಕು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಅವನು ಇನ್ನು ಎಷ್ಟು ದಿನ ಇರುತ್ತಾನೆಂಬುದು ಯಾವ ಲೆಕ್ಕದಲ್ಲೂ ಇರಲಿಲ್ಲ.

ಮನೆಯಲ್ಲಿ ಅತ್ತೆ ನೆಲದ ಮೇಲೆ ಕೂತು ಹಳೆಯ ಸೀರೆಯೊಂದನ್ನು ಚೌಕ ಚೌಕವಾಗಿ ಹರಿಯುತ್ತಿದ್ದರು, ಮಗುವಿನ ಬಟ್ಟೆಗೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದರು. ಸರಿಯಾಗಿ ಹರಿಯಲು ಬಾರದೆ ಚೀಲ ಜಾರುತ್ತಿತ್ತು, ಮತ್ತೆ ಹಲ್ಲಿನಿಂದ ಕಚ್ಚಿ ಬಿಗಿ ಮಾಡಿಕೊಳ್ಳುತ್ತಿದ್ದರು. ಅವಳು ಬ್ಯಾಗನ್ನೂ ಇಳಿಸದೆ ನಿಂತು ನೋಡಿದಳು. ಆಮೇಲೆ ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತನ್ನು ಹೇಳಿದಳು. ಚೆನ್ನಾಗಿಯೇ ಹೇಳಿದಳು, ಪಾಠದ ಹಾಗೆ. ಅತ್ತೆ ಕೇಳಿಸಿಕೊಂಡರು. ಚೀಲ ಬಿಚ್ಚಲಿಲ್ಲ. ಪೂರ್ತಿ ಹೋಗೋದು ಅಂತ ಇಲ್ಲ ಎಂದು ನೀನೇ ಹೇಳಿದ್ದೆಯಲ್ಲ, ಈಗ ಮಗು ಬರುತ್ತದೆಂದು ನನ್ನ ಸಮಾಧಾನಕ್ಕೆ ಹೇಳುತ್ತೀಯಾ ಎಂದರು. ದೊಡ್ಡವರಿಗೆ ಹೇಗೋ ಆಗುತ್ತದೆ, ಮೂರು ತಿಂಗಳ ಮಗುವಿನ ಮೇಲೆ ಅಂದಾಜು ನಡೆಯುವುದಿಲ್ಲ ಎಂದರು. ಅದು ಅಂಟುವ ರೋಗವಲ್ಲ ಅತ್ತೆ, ನಿಮಗೆ ಹೇಗೆ ಬರುತ್ತದೆ ಎಂದಳು. ಅತ್ತೆ ಹರಿದ ಚೌಕಗಳನ್ನು ಒಂದರ ಮೇಲೊಂದು ಇಟ್ಟರು, ಅಂಚು ಸರಿ ಮಾಡಿದರು.

"ನಾನು ನಿನ್ನ ಮಾತು ಕೇಳಲಿಲ್ಲ ಕಣೆ. ನೀನು ಕಾಲೇಜಿಗೆ ಹೋದ್ಮೇಲೆ ಒಳಗೆ ಹೋಗಿ ಕೂರ್ತಿದ್ದೆ. ಅವನ ತಲೆ ತೊಡೆ ಮೇಲೆ ಇಟ್ಕೊಂಡು. ದಿನಾ."

ಅವಳು ಗೋಡೆಗೆ ಒರಗಿದಳು. ಅತ್ತೆ ತಲೆಯೆತ್ತದೆ ಹೇಳುತ್ತಿದ್ದರು. ಅವನು ಬೇಡ ಅಂತಿದ್ದ, ಅವಳಿಗೆ ಗೊತ್ತಾದರೆ ಬೈತಾಳೆ ಅಂತಿದ್ದ, ಆಮೇಲೆ ಅವನೇ ದಾರಿ ಕಾಯುತ್ತಿದ್ದ. ಇಷ್ಟುದ್ದ ಬೆಳೆದವನು, ಕಾಲು ಮಂಚದ ಆಚೆ. ಅವನು ಹೋದ ಮೇಲೆ ಅಂದುಕೊಂಡೆ, ಆದದ್ದಾಯಿತು, ಅವನ ಪಾಲಿನದು ನನ್ನ ಮೈಗೆ ಬಂದಿದ್ದರೆ ಬರಲಿ, ಇರಲಿ ನನ್ನಲ್ಲೇ. ಆದರೆ ನೀನು ಚಿಕ್ಕವಳು. ನಿನಗೆ ಯಾಕೆ. ತಪ್ಪು ಮಾಡಿದವಳು ನಾನು, ಬೇರೆ ಇರಬೇಕಾದವಳೂ ನಾನೇ. ಇಷ್ಟನ್ನೂ ಅತ್ತೆ, ಹಾಲು ತರೋದು ಮರೆತೆ ಅನ್ನುವ ದನಿಯಲ್ಲಿ ಹೇಳಿದರು. ಆಮೇಲೆ ಮೊದಲ ಸಲ ಅವಳ ಮುಖ ನೋಡಿದರು.

"ನಾನು ಮುಟ್ಟಿದಾಗ ಅವನಲ್ಲಿ ಅದು ಇತ್ತಾ?"

ಬಸ್ಸಿನಲ್ಲಿ ಕಟ್ಟಿದ ಮಾತಿನಲ್ಲಿ ಇದಕ್ಕೆ ಜಾಗವಿರಲಿಲ್ಲ. ಇತ್ತು ಎಂದರೆ ಈ ಹೆಂಗಸು ಸಾಯುವವರೆಗೂ ಚೀಲ ಕಟ್ಟಿಕೊಂಡು ಇರುತ್ತಾಳೆ. ಇರಲಿಲ್ಲ ಎಂದರೆ ಮುಂದಿನ ಪ್ರಶ್ನೆ ಒಂದೇ. ಹೊರಗೆ ಯಾವುದೋ ಆಟೋ ಬಂದು ನಿಂತು ಮುಂದೆ ಹೋಯಿತು. ನಾದಿನಿ ಈಗಲೇ ಬಂದರೆ ಎಂದು ಒಂದು ಕ್ಷಣ ಆಸೆಯಾಯಿತು.

"ಮೊದಲ ವಾರ ಆದ್ಮೇಲೆ ಇರಲಿಲ್ಲ ಅತ್ತೆ. ಇದ್ರೂ ಲೆಕ್ಕಕ್ಕೆ ಬರೋ ಅಷ್ಟಿರಲಿಲ್ಲ. ಡಾಕ್ಟರು ಒಂದು ವಾರ ಅಂತಾನೇ ಹೇಳಿದ್ರು."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅತ್ತೆ ಕೈಯ ಚೀಲದ ಗಂಟನ್ನು ಹುಡುಕಿದರು. ಬಿಗಿಯಾಗಿತ್ತು. ಅವಳು ಬಿಚ್ಚಿಕೊಡಲು ಮುಂದೆ ಬಾಗಿದಳು, ಬಾಗಿದ್ದು ಅರ್ಧದಲ್ಲೇ ನಿಂತಿತು. ಅತ್ತೆಯೇ ಬಿಚ್ಚಿಕೊಂಡರು. ಒಳಗೆ ಕೈ ಬೆವೆತು ಬೆಳ್ಳಗಾಗಿ ನೆರಿಗೆಗಟ್ಟಿತ್ತು. ಬೈಯುತ್ತಾರೆ ಎಂದು ಕಾದಳು. ಬೈದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅತ್ತೆ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾ, ಅವನೂ ಒಂದು ಸಲ ಅಂದಿದ್ದ, ಅವಳಿಗೆ ಭಯ ಕಣಮ್ಮ, ಹೇಳಿಕೊಳ್ಳಲ್ಲ, ಇರಲಿ ಬಿಡು ಅಂತ, ಎಂದರು.

"ಭಯ ಆಗಿತ್ತಾ ನಿನಗೆ?"

ಅದು ಪ್ರಶ್ನೆಯಲ್ಲ, ಹಾಕಿಕೊಟ್ಟ ಮಣೆ. ಹೌದು ಎಂದು ಅದರ ಮೇಲೆ ಕೂರಬಹುದಿತ್ತು. ಅವನೇ ಅದನ್ನು ಅವಳಿಗಾಗಿ ಹಾಕಿಟ್ಟು ಹೋಗಿದ್ದ. ಭಯಪಟ್ಟ ಹುಡುಗಿಯನ್ನು ಯಾರು ಕ್ಷಮಿಸುವುದಿಲ್ಲ? ಅವಳ ನಾಲಿಗೆಯ ತುದಿಯಲ್ಲಿ ಆ ಶಬ್ದ ಇತ್ತು, ಹಗುರವಾಗಿ, ಟೊಳ್ಳು ಗುಂಡಿಯ ಹಾಗೆ.

"ಇಲ್ಲ ಅತ್ತೆ. ಭಯ ಇರಲಿಲ್ಲ. ಒಬ್ಬಳೇ ಇರೋದು ಹಿತವಾಗಿತ್ತು."

ಅತ್ತೆ ನೆಲಕ್ಕೆ ಕೈಯೂರಿ ಎದ್ದರು, ಮಂಡಿ ನಿಜವಾಗಿಯೂ ನೋಯುತ್ತಿತ್ತು. ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು, ಸೋಪಿನ ಡಬ್ಬಿಯ ಸದ್ದು, ಬಹಳ ಹೊತ್ತು ಕೈ ತೊಳೆಯುವ ಸದ್ದು. ಆಮೇಲೆ ಸ್ಟೀಲಿನ ಮೇಲೆ ಸ್ಟೀಲು ಕೂರುವ ಸದ್ದು. ಅವಳಿಗೆ ನೋಡದೆಯೇ ಗೊತ್ತಾಯಿತು, ತಟ್ಟೆ ಸ್ಟ್ಯಾಂಡಿಗೆ ಹೋಯಿತು. ಇನ್ನು ತನ್ನ ತಟ್ಟೆ ಕಿಟಕಿಗೆ ಬರಬಹುದೇ ಎಂದು ಕಾದಳು. ಬರಲಿಲ್ಲ. ಅತ್ತೆ ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದರು, ಖಾಲಿ ಬಿಟ್ಟರು.

ನಾದಿನಿ ಬಂದದ್ದು ದೀಪ ಹಾಕುವ ಹೊತ್ತಿಗೆ, ಬಾಗಿಲಲ್ಲೇ ಜಗಳಕ್ಕೆ ಸಿದ್ಧಳಾಗಿ. ಜಗಳಕ್ಕೆ ಅವಕಾಶವಾಗಲಿಲ್ಲ. ಅತ್ತೆ ಎರಡೂ ಕೈ ಚಾಚಿ, ಕೊಡೆ ಇಲ್ಲಿ, ಎಷ್ಟು ಹೊತ್ತು ಹೊರಗೇ ನಿಲ್ಲಿಸ್ತೀಯ ಅದನ್ನ ಎಂದರು. ನಾದಿನಿ ಅಮ್ಮನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು, ಮಗುವನ್ನು ಕೊಟ್ಟಳು. ಅತ್ತೆ ಗೋಡೆಗೆ ಬೆನ್ನು ಕೊಟ್ಟು ಕೂತು ಅದನ್ನು ತೊಡೆಯ ಮೇಲೆ ಉದ್ದಕ್ಕೆ ಮಲಗಿಸಿಕೊಂಡರು. ಮೂಗು ನೋಡಮ್ಮ, ಅಣ್ಣಂದೇ ತಂದಿಟ್ಟ ಹಾಗಿದೆ ಎಂದಳು ನಾದಿನಿ, ಅಳುತ್ತಾ, ನಗುತ್ತಾ, ಅದೇನು ಹೇಳಿದಿರಿ ಅತ್ತಿಗೆ ಒಂದೇ ದಿನದಲ್ಲಿ, ನನಗೆ ಮೂರು ತಿಂಗಳಿಂದ ಆಗಿರಲಿಲ್ಲ ಎಂದಳು. ಅತ್ತೆ, ಪಾಠ ಹೇಳಿದಳು ಎಂದರು. ಅಷ್ಟೇ ಎಂದರು. ನಾದಿನಿ ಅವಳ ಕೈ ಹಿಡಿದು ಒತ್ತಿದಳು, ಕೃತಜ್ಞತೆಯಿಂದ. ಬಿಡಲಿಲ್ಲ. ಅವನ ಹಾಗೆಯೇ. ಅವಳು ಆ ಕೈಯನ್ನು ಬಿಡಿಸಿಕೊಂಡು, ಟೀ ಮಾಡ್ತೀನಿ ಎಂದು ಅಡುಗೆಮನೆಗೆ ಹೋದಳು.

ಟೀಗೆ ನೀರಿಡಲಿಲ್ಲ. ನಲ್ಲಿ ತಿರುಗಿಸಿ ಅದರ ಕೆಳಗೆ ಕೈ ಹಿಡಿದು ನಿಂತಳು. ಸ್ಟ್ಯಾಂಡಿನಲ್ಲಿ ಎರಡು ತಟ್ಟೆ ಒಂದಕ್ಕೊಂದು ಒರಗಿದ್ದವು, ಯಾವುದು ಯಾರದೆಂದು ತಿಳಿಯದ ಹಾಗೆ. ಒಳಗೆ ಮಾತು ನಿಂತಿತ್ತು, ಮಗು ನಿದ್ದೆಹೋಗಿರಬೇಕು. ಆಗ ಕೇಳಿಸಿತು, ಚಮಚ ಲೋಟಕ್ಕೆ ತಾಗಿದ ಸದ್ದು. ಒಂದು ಸಲ, ಟಿಣ್ ಎಂದು. ತೊಡೆಯ ಮೇಲೆ ಮಲಗಿದ ಮಗುವನ್ನು ಎಬ್ಬಿಸದೆ ಕರೆಯಲು ಅತ್ತೆಗೆ ಸಿಕ್ಕ ದಾರಿ ಅದಾಗಿರಬಹುದು. ಅಥವಾ ಆ ಸದ್ದಿನ ಅರ್ಥ ಈ ಮನೆಯಲ್ಲಿ ಅವಳಷ್ಟೇ ಚೆನ್ನಾಗಿ ಅತ್ತೆಗೂ ಗೊತ್ತಿತ್ತು. ನೀರು ಕೈಮೇಲೆ ಬೀಳುತ್ತಲೇ ಇತ್ತು.

"ಬಂದೆ," ಎಂದಳು.

ಒಂದೇ ಸದ್ದಿಗೆ ಹಾಗೆ ಅಂದದ್ದು ಅದೇ ಮೊದಲು.